ಒಂದು ಬೋಗುಣಿಗೆ ಇಬ್ಬರು

ಅವರೆಕಾಳೊಂದು ಚಿಮ್ಮಿ ಬಂದು ಸೀದಾ ಬಿಂದುವಿನ ಕಣ್ಣಿಗೆ ಬಡಿಯಿತು!

“ಅಮ್ಮಾ!”

“ಅಯ್ಯೋ, ಸಾರಿ ಕಣ್ರೀ! ಬೇಕೂಂತ ಮಾಡಿದ್ದಲ್ಲ... ತಾನಾಗೇ ಹಾರ್ಬುಡ್ತು!”

ತಾರಸಿಯ ಮೇಲೆ ಕುಳಿತಿದ್ದ ಹತ್ತು ಜನವೂ ಕೈಯಲ್ಲಿದ್ದ ಕಾಳು ಬಿಟ್ಟು ತಿರುಗಿ ನೋಡಿದರು. ಬಿಂದು ಒಂದು ಕಣ್ಣು ಮುಚ್ಚಿಕೊಂಡು ಇನ್ನೊಂದರಲ್ಲಿ ಅಪರಾಧಿಯನ್ನು ದಿಟ್ಟಿಸಿದಳು. ನೀಲಿ ಸ್ವೆಟರ್, ಇಸ್ತ್ರಿ ಮಾಡಿದ ಪ್ಯಾಂಟು, ಮುಖದ ತುಂಬ ಗಾಬರಿ. ಅವನ ಎದುರಿನ ಮಣೆ ಮಾತ್ರ ಖಾಲಿ.

“ನಿಮ್ಮ ಜೊತೆಯವರು ಎಲ್ಲಿ?”

“ಅವರು... ಬರಲಿಲ್ಲ.”

ಅವನು ಅದನ್ನು ಹೇಳಿದ ರೀತಿಗೆ ಬಿಂದುವಿನ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಹಾಗೇ ಉಳಿಯಿತು. ಕಣ್ಣು ಉರಿಯುತ್ತಿತ್ತಲ್ಲ!

ಮೈಸೂರಿನ ಚಳಿಗಾಲದ ಸಂಜೆಗಳ ಮೇಲೆ ಬಿಂದುವಿಗೆ ಮೊದಲಿನಿಂದಲೂ ಮುನಿಸು. ಏಳಕ್ಕೆ ಸ್ವೆಟರ್, ಎಂಟಕ್ಕೆ ಮಫ್ಲರ್, ಒಂಬತ್ತೂವರೆಗೆ ಊರಿಗೆ ಊರೇ ರಗ್ಗಿನೊಳಗೆ! ಹೂವಿನ ಪ್ರದರ್ಶನ ಒಂದು ಸಲ ನೋಡಿ, ಒಂದು ದೋಸೆ ತಿಂದರೆ ಆ ವರ್ಷದ ಮೋಜು ಮುಗಿಯಿತು. ‘ಜನ ಒಟ್ಟಿಗೆ ಕೂತು ನಗೋಕೆ ಈ ಊರಲ್ಲಿ ಒಂದು ಜಾಗ ಬೇಡವಾ?’ ಎಂದು ಗೊಣಗಿ ಗೊಣಗಿ, ಕೊನೆಗೆ ಬೋಗಾದಿಯ ತನ್ನ ಬಾಡಿಗೆ ಮನೆಯ ತಾರಸಿಯಲ್ಲಿ ತಾನೇ ಶುರುಮಾಡಿದ್ದಳು. ಅವರೆಕಾಲದ ಶನಿವಾರಗಳಲ್ಲಿ ಮಾತ್ರ. ಆರು ಬೋಗುಣಿ, ಹನ್ನೆರಡು ಜನ. ನೆನೆಸಿದ ಕಾಳನ್ನು ಬಂದವರೇ ಹರಟುತ್ತ ಹಿತುಕಬೇಕು. ಆ ಬೇಳೆ ಸಾರಾಗಿ, ಅಕ್ಕಿ ರೊಟ್ಟಿಯ ಜೊತೆ ಅವರ ತಟ್ಟೆಗೇ ಬರುತ್ತದೆ.

ನಿಯಮ ಒಂದೇ. ಒಂದು ಬೋಗುಣಿಗೆ ಇಬ್ಬರು! ಒಬ್ಬೊಬ್ಬರೇ ಬಂದವರು ಮೊಬೈಲ್ ನೋಡುತ್ತ ಕೂತು, ಮೊದಲ ವಾರ ಊಟಕ್ಕೆ ಹತ್ತು ಗಂಟೆಯಾಗಿತ್ತು. ಅಂದಿನಿಂದ ಎರಡು ಹೆಸರು ಕಳಿಸದವರಿಗೆ ಜಾಗವಿಲ್ಲ.

ಬಿಂದು ಪಟ್ಟಿ ನೋಡಿದಳು. ‘ಡಾ. ವಿಶ್ರುತ್, ಯಾದವಗಿರಿ. ಜೊತೆಗೆ ಮಾಲವಿಕಾ.’

‘ಪಾಪ... ಹುಡುಗಿ ಕೈ ಕೊಟ್ಟಿದ್ದಾಳೆ!’

ಸೆರಗು ಸಿಕ್ಕಿಸಿಕೊಂಡು ಎದುರಿನ ಮಣೆಯ ಮೇಲೆ ತಾನೇ ಕುಳಿತಳು. “ಕೊಡಿ ಇಲ್ಲಿ. ಹಿಂಗೆ, ಎರಡೇ ಬೆರಳು. ನೀವು ಯಾವ ಡಾಕ್ಟ್ರು?”

“ಹಲ್ಲಿನ ಡಾಕ್ಟ್ರು.”

“ಹಲ್ಲು ಕೀಳೋ ಕೈಗೆ ಒಂದು ಸಿಪ್ಪೆ ಬಿಡಿಸೋಕೆ ಬರಲ್ವಾ? ನಿಮ್ಮ ಪೇಷಂಟ್‌ಗಳ ಗತಿ ಏನು ಸ್ವಾಮಿ!”

ಅವನು ನಕ್ಕ. ಆ ನಗು ಅವಳಿಗೆ ಇಷ್ಟವಾಯಿತು. ಇಷ್ಟವಾಗಿದ್ದಕ್ಕೆ ತನ್ನ ಮೇಲೇ ರೇಗಿತು.

ಮುಂದಿನ ಶನಿವಾರ ಪಟ್ಟಿಯಲ್ಲಿ ಮತ್ತೆ ಅದೇ ಎರಡು ಹೆಸರು. ಬಂದವನು ಮತ್ತೆ ಒಬ್ಬನೇ!

ಅದರ ಮುಂದಿನ ವಾರವೂ ಅದೇ ಕಥೆ.

ಈ ಮಾಲವಿಕಾ ಎಂಬುವಳನ್ನು ಬಿಂದು ಮನಸ್ಸಿನಲ್ಲೇ ಬೈದಳು. ಮೂರು ಮೂರು ವಾರ ಒಬ್ಬ ಮನುಷ್ಯನನ್ನು ಕಾಯಿಸುವುದೇ? ಆದರೂ ತಡವಾಗಿಯಾದರೂ ಬಂದಾಳೆಂದು ಅವಳ ಪಾಲಿನ ರೊಟ್ಟಿಯನ್ನು ಮುಚ್ಚಿಡುತ್ತಿದ್ದಳು. ಒಂಬತ್ತಾದ ಮೇಲೆ ಅಡುಗೆಯ ಮಾದೇವಮ್ಮ ಆ ರೊಟ್ಟಿಯನ್ನು ನೆಮ್ಮದಿಯಾಗಿ ತಿನ್ನುತ್ತಿದ್ದರು.

“ಬರದೇ ಇರೋರನ್ನ ಎಷ್ಟು ದಿನ ಅಂತ ಕಾಯ್ತೀರಾ ಡಾಕ್ಟ್ರೇ?” ಎಂದು ನಾಲ್ಕನೆಯ ವಾರ ಕೇಳಿಯೇಬಿಟ್ಟಳು.

ವಿಶ್ರುತ್ ತಲೆ ತಗ್ಗಿಸಿ ಕಾಳು ಹಿತುಕಿದ. “ನನಗೇನು ಬೇಜಾರಿಲ್ಲ ರೀ.”

‘ಇಂಥ ಒಳ್ಳೆಯವನಿಗೆ ಹೀಗಾಗಬೇಕೇ?’ ಮಂಜು ಬಿದ್ದ ಅವರೆಯ ಸೊಗಡು ಬೆರಳಿಗೆ ಅಂಟಿ ಮೂರು ದಿನ ಹೋಗುವುದಿಲ್ಲ. ಮಂಗಳವಾರದವರೆಗೂ ಆ ವಾಸನೆ ಬಂದಾಗಲೆಲ್ಲ ಅವನೇ ನೆನಪಾಗುತ್ತಿದ್ದ. ಬೇರೆ ಹುಡುಗಿಗಾಗಿ ಕಾಯುತ್ತಿರುವವನನ್ನು ತಾನು ಪ್ರೀತಿಸುತ್ತಿದ್ದೇನೆ ಎಂದು ತಿಳಿದ ದಿನ ಬಿಂದು ತುಂಬ ಅತ್ತಳು.

ಐದನೆಯ ಶನಿವಾರವೇ ಕೊನೆಯದು. ಮುಂದಿನ ವಾರ ಸಂಕ್ರಾಂತಿ. ಕಾಳೂ ಇಲ್ಲ, ಶನಿವಾರವೂ ಇಲ್ಲ, ಆಮೇಲೆ ಅವನು ಈ ಮೆಟ್ಟಿಲು ಹತ್ತಲು ಕಾರಣವೇ ಇಲ್ಲ...

ಅಂದು ಪಟ್ಟಿಯಲ್ಲಿ ಮಾಲವಿಕಾ ಎರಡು ಕಡೆ ಇದ್ದಳು. ತಾನೇ ತಪ್ಪಿ ಎರಡು ಸಲ ಬರೆದಿದ್ದೇನೆಂದು ಬಿಂದು ಒಂದನ್ನು ಹೊಡೆದುಹಾಕಲು ಹೊರಟಳು. ಅಷ್ಟರಲ್ಲಿ ಶಾಲು ಹೊದ್ದ ಚೆಂದದ ಹುಡುಗಿಯೊಬ್ಬಳು ಮೇಲೆ ಬಂದಳು. ಜೊತೆಗೊಬ್ಬ ಯುವಕ.

“ನಾನು ಮಾಲವಿಕಾ, ಇವರು ಯಶಸ್. ಮುಂದಿನ ತಿಂಗಳು ನಮ್ಮ ಮದುವೆ. ನಮ್ಮ ಬೋಗುಣಿ ಯಾವುದು?”

ಬಿಂದು ವಿಶ್ರುತ್‌ನತ್ತ ತಿರುಗಿ ನೋಡಿದಳು. ಮದುವೆಯೇ? ಅವನು ಇಲ್ಲೇ ಇದ್ದಾನಲ್ಲ! ಅಡ್ಡ ನಿಲ್ಲುವಷ್ಟರಲ್ಲಿ ಮಾಲವಿಕಾ ಅವನನ್ನು ನೋಡಿಯಾಗಿತ್ತು.

“ಅರೇ, ವಿಶ್ರುತ್! ನೀವಾ? ಆವತ್ತು ನಮ್ಮಿಬ್ಬರ ಮನೆಯವರು ಮದುವೆ ಮಾತಿಗೆ ಇಲ್ಲೇ ಅಲ್ವಾ ಭೇಟಿ ಆಗಿ ಅಂದಿದ್ದು? ಬರಲ್ಲ, ಯಶಸ್‌ನ ಇಷ್ಟಪಟ್ಟಿದೀನಿ ಅಂತ ನಾನು ಹಿಂದಿನ ದಿನಾನೇ ಫೋನ್ ಮಾಡಿದ್ನಲ್ಲ. ಎಷ್ಟು ಸಲೀಸಾಗಿ ಒಪ್ಕೊಂಡ್ರಿ! ಥ್ಯಾಂಕ್ಸ್ ಕಣ್ರೀ.”

ಹಿಂದಿನ ದಿನವೇ?

ವಿಶ್ರುತ್‌ನ ಮುಖ ಬಿಳಿಚಿತು. ಬಿಂದು ದಡದಡನೆ ಮೆಟ್ಟಿಲಿಳಿದಳು. ಅವನು ಹಿಂದೆಯೇ ಓಡಿಬಂದ.

“ಬಿಂದು ಅವ್ರೇ, ಒಂದು ನಿಮಿಷ...”

“ಏನ್ ನಿಮಿಷ! ಐದು ವಾರ ಆಟ ಆಡ್ಸಿದ್ರಲ್ಲ, ಸಾಲದಾ? ಬರಲ್ಲ ಅಂತ ಗೊತ್ತಿದ್ದೂ ಅವರ ಹೆಸರು ಬರೀತೀರಾ! ಖಾಲಿ ಮಣೆ ಮುಂದೆ ಮುಖ ಸಣ್ಣಗೆ ಮಾಡ್ಕೊಂಡು ಕೂರ್ತೀರಾ!”

“ಮೊದಲನೇ ಸಲ ಒಬ್ಬನೇ ಬರ್ತೀನಿ ಅಂದಿದ್ರೆ ಜಾಗ ಕೊಡ್ತಿರ್ಲಿಲ್ಲ. ಊಟ ಮಾಡಿ ಹೋಗೋಣ ಅಂತ ಸುಮ್ಮನಾದೆ. ನೀವು ಬಂದು ಎದುರಿಗೆ ಕೂತ್ರಿ. ಆಮೇಲೆ... ಆ ಮಣೆ ಖಾಲಿ ಇದ್ರೆ ತಾನೇ ನೀವು ಕೂರೋದು?”

“ಹೇಳೋಕೇನಾಗಿತ್ತು?”

“ಹೇಳಬೇಕು ಅಂತಾನೇ ಪ್ರತಿ ವಾರ ಬಂದೆ. ನಿಮ್ಮ ಮುಖ ನೋಡಿದ್ರೆ ಮಾತೇ ಹೊರಡ್ತಿರ್ಲಿಲ್ಲ. ತಪ್ಪು ನನ್ನದೇ.”

“ತಪ್ಪು ಅಂದ್ಬುಟ್ರೆ ಆಗೋಯ್ತಾ? ನಿಮ್ಮ ಮೇಲೆ ಪಾಪ ಅನ್ನಿಸಿ ನಾನು ಅನ್ನ ಬಿಟ್ಟಿದೀನಿ ರೀ! ಇನ್ನೊಬ್ಬಳಿಗೆ ಕಾಯ್ತಿರೋರ ಮೇಲೆ ಆಸೆ ಇಟ್ಕೊಂಡಿದೀಯಲ್ಲ, ನಾಚಿಕೆ ಆಗಲ್ವಾ ಅಂತ ದಿನಾ ನನ್ನನ್ನೇ ನಾನು ಬೈಕೊಂಡಿದೀ...”

ಬಿಂದು ನಾಲಿಗೆ ಕಚ್ಚಿಕೊಂಡಳು. ಅಯ್ಯೋ... ಏನು ಹೇಳಿಬಿಟ್ಟೆ!

ವಿಶ್ರುತ್ ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿದ್ದ.

ಮೇಲಿನಿಂದ ಮಾದೇವಮ್ಮನ ತಲೆ ಇಣುಕಿತು. “ಅವರೊಬ್ಬರನ್ನೇ ಯಾಕವ್ವ ಬೈತೀಯೆ? ‘ಮಣೆ ಮ್ಯಾಲೆ ನಾನ್ ಕುಂತ್ಕತೀನಿ, ನನ್ನ ಕೈ ಬಿರುಸು’ ಅಂತ ನಾನು ಎಷ್ಟು ದಪ ಅಂದೆ! ‘ನೀವು ಒಲೆ ನೋಡ್ಕಳಿ’ ಅಂತ ಅಟ್ಟಿದ್ದೋರು ಯಾರು?”

“ಮಾದೇವಮ್ಮಾ! ನೀವು ಸುಮ್ಮನೆ ಒಳಗೆ ಹೋಗ್ತೀರಾ?”

“ನಂಗೇನ್ ಬುಡು,” ಎನ್ನುತ್ತ ತಲೆ ಒಳಗೆ ಹೋಯಿತು.

ಬಿಂದು ನಾಚಿಕೆಯಿಂದ ಗೋಡೆಯ ಕಡೆ ತಿರುಗಿ ನಿಂತಳು. ಕಣ್ಣಲ್ಲಿ ನೀರು ತುಂಬಿತ್ತು. ಹಿಂದಿನಿಂದ ವಿಶ್ರುತ್‌ನ ದನಿ ಮೆಲ್ಲಗೆ ಬಂತು.

“ನಮ್ಮಮ್ಮನಿಗೆ ಮೂರನೇ ವಾರಾನೇ ಹೇಳಿದೆ.”

“ಏನಂತ?”

“ಬೋಗಾದೀಲಿ ಒಬ್ರಿದ್ದಾರೆ. ಬರೀ ಬೈತಾರೆ. ಮದುವೆ ಆದ್ರೆ ಅವರನ್ನೇ ಅಂತ.”

ಅವಳು ಸರ್ರನೆ ತಿರುಗಿದಳು. “ಅವರೇನಂದ್ರು?”

“ಎರಡು ದಿನ ಮಾತೇ ಆಡ್ಲಿಲ್ಲ. ಆಮೇಲೆ, ‘ಅವರು ಸಾರಿಗೆ ಬೆಳ್ಳುಳ್ಳಿ ಹಾಕ್ತಾರಾ?’ ಅಂತ ಕೇಳಿದ್ರು.”

“ಅಯ್ಯಯ್ಯೋ! ನೀವೇನಂದ್ರಿ?”

“ಹಾಕ್ತಾರೆ, ನಾನು ಎರಡೆರಡು ಸಲ ಬಡಿಸ್ಕೊಂಡು ತಿಂತೀನಿ ಅಂದೆ. ಇನ್ನೂ ಮುಖ ಗಂಟು ಹಾಕ್ಕೊಂಡೇ ಇದ್ದಾರೆ. ಆದ್ರೆ ನಿನ್ನೆ ನಿಮ್ಮ ಫೋಟೋ ಕೇಳಿದ್ರು.”

ಬಿಂದುವಿಗೆ ನಗು ಬಂತು, ಅದರ ಹಿಂದೆಯೇ ಕೋಪವೂ ಬಂತು. “ಅಮ್ಮನ ಹತ್ರ ನಿಜ, ನನ್ನ ಹತ್ರ ಸುಳ್ಳಾ? ಇದ್ಯಾವ ನ್ಯಾಯ ರೀ?”

“ಅಮ್ಮ ಎಷ್ಟು ಕೋಪ ಮಾಡ್ಕೊಂಡ್ರೂ ಅಮ್ಮನೇ ಅಲ್ವಾ? ಆದ್ರೆ ನೀವು... ನೀವೇ ಬೇಡ ಅಂದುಬಿಟ್ಟಿದ್ರೆ...”

“ಬೇಡ ಅಂತ ಯಾರಂದ್ರು?”

“ಬೇಕು ಅಂತಾನೂ ಯಾರೂ ಅಂದಿಲ್ಲ.”

“ಬೇಕು ಕಣ್ರೀ! ಬೇಕು! ಇಷ್ಟೊತ್ತಿಂದ ಇನ್ನೇನು ಬಡ್ಕೊಳ್ತಾ ಇದೀನಿ ನಾನು!”

ತಾರಸಿಯ ಮೇಲೆ ಹರಟೆ ಗಪ್ಪನೆ ನಿಂತಿತು. ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. ಬಿಂದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ವಿಶ್ರುತ್ ಆ ಕೈಗಳನ್ನು ಮೆಲ್ಲಗೆ ಬಿಡಿಸಿ ತನ್ನ ಕೈಯೊಳಗೆ ಹಿಡಿದುಕೊಂಡ. ತಣ್ಣೀರಿನಲ್ಲಿ ಆಡಿ ಅವು ಕೊರೆಯುತ್ತಿದ್ದವು.

“ಕೇಳಿಸ್ತು,” ಎಂದ.

“ನಿಮಗೊಬ್ಬರಿಗೇನಾ? ಇಡೀ ಬೋಗಾದಿಗೇ ಕೇಳಿಸ್ತು!” ಎಂದಳು ಬಿಂದು, ಕೈ ಮಾತ್ರ ಬಿಡಿಸಿಕೊಳ್ಳದೆ. “ಈಗ ನಡೀರಿ ಮೇಲಕ್ಕೆ, ನಮ್ಮ ಬೋಗುಣಿ ಕಾಳು ಇನ್ನೂ ಹಾಗೇ ಇದೆ.”