ಗೋಡೆ ಇನ್ನೂ ಹಸಿ ಇದೆ

ಅವನು ಬಿಟ್ಟುಹೋದ ಕೋಣೆಗೇ ಅವಳು ಹೋಗಬೇಕು. ಅವರಿಬ್ಬರ ಕೆಲಸದ ಹಣೆಬರಹವೇ ಹಾಗಿತ್ತು.

ಕಟ್ಟುತ್ತಿದ್ದದ್ದು ಮೂರು ಮಹಡಿಯ ಕಣ್ಣಿನ ಆಸ್ಪತ್ರೆ. ಅವನು ಎಲೆಕ್ಟ್ರಿಷಿಯನ್. ಗೋಡೆ ಕೊರೆದು, ಪೈಪು ಹೂತು, ಸ್ವಿಚ್ಚಿಗೆ ಡಬ್ಬಿ ಕೂರಿಸಿ ಮುಂದಿನ ಕೋಣೆಗೆ ಹೋಗಿಬಿಡುತ್ತಿದ್ದ. ಆಮೇಲೆ ಗಾರೆಯವರು. ಗಾರೆ ಒಣಗಿದ ಮೇಲೆ ವಾಲ್ ಪುಟ್ಟಿ ಹಚ್ಚಿ, ಉಜ್ಜಿ, ಬಣ್ಣ ಬಳಿಯಲು ಅವಳು. ಬಣ್ಣ ಒಣಗಿದ ಮೇಲೆ ಸ್ವಿಚ್ ಬೋರ್ಡು ಹಾಕಲು ಮತ್ತೆ ಅವನು. ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗೆ. ಇಬ್ಬರೂ ಎದುರುಬದುರು ಸಿಗುತ್ತಿದ್ದದ್ದು ಬಾಗಿಲಲ್ಲಿ ಮಾತ್ರ, ಅದೂ ಅರೆಗಳಿಗೆ.

ಬಣ್ಣದ ಗುತ್ತಿಗೆ ಅವಳ ಚಿಕ್ಕಮ್ಮನದು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಚಿಕ್ಕಮ್ಮನ ಜೊತೆ ಬ್ರಷ್ ಹಿಡಿದವಳು. ಮಾತು ಕಮ್ಮಿ, ಕಣ್ಣು ಜಾಸ್ತಿ. ಸೈಟಿನಲ್ಲಿ ಎಲ್ಲರಿಗೂ ಅವಳು ಗುಬ್ಬಿ.

ಅವನು ದಿನಕ್ಕೊಮ್ಮೆ ಬಾಗಿಲಿಗೆ ಬರುತ್ತಿದ್ದ. ಕಿವಿಯ ಮೇಲೆ ಟೆಸ್ಟರ್, ಹುಬ್ಬಿನ ಮೇಲೆ ಸಿಮೆಂಟಿನ ಧೂಳು. ಕೇಳುತ್ತಿದ್ದದ್ದು ಒಂದೇ ಪ್ರಶ್ನೆ.

"ನಿಮ್ಮದು ಯಾವಾಗ ಮುಗಿಯುತ್ತೆ?"

ಇವನಿಗೆ ಇಲ್ಲಿಂದ ಹೊರಡಲು ಎಷ್ಟು ಅವಸರ ಎಂದು ಅವಳ ಎದೆ ಚುರ್ ಎನ್ನುತ್ತಿತ್ತು.

ಸೈಟ್ ಆಫೀಸಿನ ಗೋಡೆ ತುಂಬ ಒಂದು ಚಾರ್ಟು. ಒಂದೊಂದು ಕೆಲಸಕ್ಕೆ ಒಂದೊಂದು ಚೀಟಿ, ಚೀಟಿಯಿಂದ ಚೀಟಿಗೆ ಬಾಣ. ಬೆಳಿಗ್ಗೆ ಹಾಜರಿ ಹಾಕಲು ಹೋದಾಗ ಅವಳು ಅದರ ಮುಂದೆ ನಿಂತುಬಿಡುತ್ತಿದ್ದಳು.

"ಏನೇ ಗುಬ್ಬಿ, ಸಿನಿಮಾ ಪೋಸ್ಟರ್ ನೋಡೋ ಹಾಗೆ ನೋಡ್ತೀಯ?" ಎಂದರು ಪ್ಲಾನಿಂಗ್ ಮೇಡಂ. ಆ ಚಾರ್ಟು ಅವರದೇ ಕೈಕೆಲಸ. "ಬಾ, ಹೇಳ್ಕೊಡ್ತೀನಿ. ಬಾಣದ ಬಾಲ ಎಲ್ಲಿದೆಯೋ ಆ ಕೆಲಸ ಮೊದಲು ಮುಗೀಬೇಕು. ಮೂತಿ ಎಲ್ಲಿದೆಯೋ ಅದು ಆಮೇಲೆ ಶುರು. ಅಷ್ಟೇ."

ಅವಳು ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. ಕಣ್ಣು ಪರೀಕ್ಷೆಯ ಕೋಣೆ. ಬಣ್ಣ, ಅಲ್ಲಿಂದ ಬಾಣ, ಸ್ವಿಚ್ ಬೋರ್ಡು. ಅದರ ಪಕ್ಕದಲ್ಲಿ ಸಣ್ಣಗೆ ಬರೆದಿತ್ತು: ವೈರಿಂಗ್ ತಂಡ ಬೇರೆ ಸೈಟಿಗೆ. ಆಮೇಲೆ ನಾಲ್ಕು ಖಾಲಿ ಚೌಕ. ಅದರಾಚೆ ಪರೀಕ್ಷೆಯ ಯಂತ್ರ ಬರುವ ದಿನ.

"ಇಲ್ಲಿ ಯಾಕೆ ಖಾಲಿ?"

"ಅದು ಫ್ಲೋಟ್. ನಾಲ್ಕು ದಿನ ತಡ ಆದ್ರೂ ಯಂತ್ರಕ್ಕೆ ತೊಂದರೆ ಇಲ್ಲ."

ಅವಳ ಬೆರಳು ಬಾಣದ ಮೇಲೆ ಹಿಂದೆ ಮುಂದೆ ಹರಿಯಿತು. "ಮೇಡಂ, ಇದು ಮುಗೀಲಿ ಅಂತ ಅದು, ಅದು ಮುಗೀಲಿ ಅಂತ ಇದು ಕಾಯ್ತಾ ಕೂತ್ರೆ?"

ಮೇಡಂ ಜೋರಾಗಿ ನಕ್ಕರು. "ನನ್ನ ಕಂಪ್ಯೂಟರ್ ಕೆಂಪಗಾಗಿ ನಿಂತ್ಬಿಡುತ್ತೆ. ಯಾವ ಕೆಲಸಾನೂ ಶುರು ಆಗಲ್ಲ. ಒಂದು ಬಾಣ ಅಳಿಸ್ಬೇಕು, ಅಷ್ಟೇ. ಯಾರಾದ್ರೂ ಒಬ್ಬರು ಕಾಯದೆ ಹೊರಡ್ಬೇಕು."

ಅವಳ ತಲೆಗೆ ಹೋದದ್ದು ಅದಲ್ಲ. ಆ ನಾಲ್ಕು ಖಾಲಿ ಚೌಕಗಳು. ತನ್ನ ಬಣ್ಣ ಮುಗಿದರೆ ಅವನ ಬೋರ್ಡು, ಬೋರ್ಡು ಮುಗಿದರೆ ಅವನಿಲ್ಲ. ಮುಗಿಯದಿದ್ದರೆ?

ಮಾರನೆಯ ದಿನ ಅವನು ಬಾಗಿಲಿಗೆ ಬಂದಾಗ ಅವಳು ಗೋಡೆಗೆ ಹೆಬ್ಬೆರಳು ಒತ್ತಿ ಹೇಳಿದಳು, "ಪುಟ್ಟಿ ಇನ್ನೂ ಹಸಿ ಇದೆ. ಈಗ ಬಣ್ಣ ಬಳಿದ್ರೆ ಪದರ ಏಳುತ್ತೆ."

"ಹೌದಾ?" ಅವನು ಹೊಸಿಲಾಚೆಯೇ ನಿಂತ. ಬಣ್ಣದ ಕೋಣೆಯೊಳಗೆ ಬೇರೆಯವರು ಕಾಲಿಡಬಾರದು, ಧೂಳು ಕೂರುತ್ತದೆ ಎಂಬುದು ಚಿಕ್ಕಮ್ಮನ ಕಾನೂನು. "ಹೊರಗೆ ಇಷ್ಟು ಬಿಸಿಲಿದೆ."

"ಒಳಗೆ ಇಲ್ವಲ್ಲ."

ಎರಡನೇ ದಿನ, "ಇವತ್ತೂ ಹಸೀನಾ?"

"ಹೂಂ."

"ಗೋಡೆಗೆ ನೆಗಡಿ ಆಗಿರ್ಬೇಕು. ಕಷಾಯ ಕುಡಿಸಿ."

ಅವಳು ತಲೆ ತಗ್ಗಿಸಿ ನಗು ನುಂಗಿದಳು. ನುಂಗಿದ್ದು ಅವನಿಗೆ ಕಂಡಿತು. ಕಂಡಿತೆಂದು ಅವಳಿಗೂ ಗೊತ್ತಾಯಿತು. ಉಜ್ಜಿ ಆಗಿದ್ದ ಜಾಗವನ್ನೇ ಮತ್ತೆ ಉಜ್ಜತೊಡಗಿದಳು. ಅವನು ಬಾಗಿಲ ಚೌಕಟ್ಟಿಗೆ ಒರಗಿ, ಕೈ ಚಾಚಿ ಗೋಡೆಯ ಅಂಚನ್ನು ಸುಮ್ಮನೆ ಸವರಿದ. ಆ ಬೆರಳ ತುದಿಗಳನ್ನೇ ಒಂದು ಗಳಿಗೆ ನೋಡಿಕೊಂಡು ಹೊರಟುಹೋದ.

ಮೂರನೇ ದಿನ ಅವನು ನಗಲಿಲ್ಲ. "ಹಸೀನಾ?" ಎಂದ. "ಹೂಂ" ಎಂದಳು. ನಾಲ್ಕನೇ ದಿನ ಬರಲೇ ಇಲ್ಲ.

ಐದನೇ ದಿನ ಬೆಳಿಗ್ಗೆ ಮೇಡಂ ಅವಳನ್ನು ಚಾರ್ಟಿನ ಮುಂದೆ ನಿಲ್ಲಿಸಿದರು. ಖಾಲಿ ಚೌಕ ಒಂದೂ ಉಳಿದಿರಲಿಲ್ಲ.

"ಆ ನಾಲ್ಕು ದಿನ ನಿನ್ನೊಬ್ಬಳದು ಅಂದ್ಕೊಂಡ್ಯಾ ಗುಬ್ಬಿ? ನಿನಗೂ ಅವನಿಗೂ ಸೇರಿ ನಾಲ್ಕು. ನೀನು ಪೂರ್ತಿ ತಿಂದ್ರೆ ಅವನಿಗೆಲ್ಲಿ ಉಳಿಯುತ್ತೆ? ಅಲ್ಲಿ ಆ ಸೈಟಿನ ಕೆಲಸ ಒಂದು ದಿನಾನೂ ಮುಂದಕ್ಕೆ ಹೋಗೋ ಹಾಗಿಲ್ಲ." ಮೇಡಂ ಚೀಟಿಯೊಂದನ್ನು ಕಿತ್ತು ಬೇರೆ ಕಡೆ ಚುಚ್ಚಿದರು. "ನಿನ್ನೆ ಅವನೇ ಬಂದ. ಬೋರ್ಡು ಬೇರೆ ಯಾರಾದ್ರೂ ಹಾಕ್ಲಿ, ನನ್ನನ್ನ ಮೊದಲು ಕಳಿಸಿ ಅಂದ. ಇವತ್ತು ನಾಲ್ಕು ಗಂಟೆಗೆ ವ್ಯಾನ್."

ಅವನೇ ಕೇಳಿದನಂತೆ. ಉಳಿಸಿಕೊಳ್ಳಲೆಂದು ಹಿಡಿದಿಟ್ಟ ನಾಲ್ಕು ದಿನವೇ ಅವನನ್ನು ಎತ್ತಿ ಆಚೆ ಹಾಕಿತ್ತು.

ಕೋಣೆಗೆ ಬಂದು ಬಣ್ಣದ ಡಬ್ಬಿ ಬಿಚ್ಚಿದಳು. ಬೇರೇನು ಮಾಡಬೇಕೆಂದು ತೋಚಲಿಲ್ಲ. ರೋಲರ್ ಮೇಲೆ ಹೋಯಿತು, ಕೆಳಗೆ ಬಂತು. ಕಣ್ಣು ಮಂಜಾಗಿ, ಬಳಿದ ಜಾಗ ಯಾವುದು ಬಳಿಯದ ಜಾಗ ಯಾವುದು ಎಂದು ತಿಳಿಯದಾಯಿತು.

"ಈಗ ಬಂತಾ ಬುದ್ಧಿ?" ಚಿಕ್ಕಮ್ಮ ಏಣಿಯ ಮೇಲಿಂದ ಗದರಿದಳು. "ನಿನ್ನ ಹಸಿ ಗೋಡೆಯಿಂದ ನನಗೆ ಮೇಡಂ ಹತ್ರ ಬೈಗುಳ. ಪಾಪ, ಆ ಲೈಟಿನ ಹುಡುಗ ಬೇರೆ ಕಾದು ಕಾದು ಸಾಕಾದ."

"ಅವರ್ಯಾಕೆ ಕಾಯ್ಬೇಕು?"

"ನನ್ನ ಹತ್ರ ಏನೋ ಮಾತಾಡ್ಬೇಕಂತೆ. ನಿನ್ನ ವಿಷಯ. ಏನು ಅಂತ ಮುಖದಲ್ಲೇ ಬರೆದಿತ್ತು ಬಿಡು. ಕೆಲಸದ ಮಧ್ಯೆ ಸಂಬಂಧದ ಮಾತು ಬೇಡಪ್ಪ, ಕೊನೆಯ ಕೋಣೆ ಮುಗೀಲಿ, ಆಮೇಲೆ ಬಾ ಅಂದಿದ್ದೆ. ಹದಿನೈದು ದಿನ ಆಯ್ತು."

ರೋಲರ್ ನಿಂತಿತು.

ನಿಮ್ಮದು ಯಾವಾಗ ಮುಗಿಯುತ್ತೆ? ದಿನಾ ಅವನು ಕೇಳುತ್ತಿದ್ದದ್ದು ಅದಕ್ಕೆ. ಅವಳು ಮುಗಿಸಲಿ ಎಂದು ಅವನು, ಅವನು ಬಾಯಿ ಬಿಡಲಿ ಎಂದು ಅವಳು. ಕೆಂಪಗಾಗಿ ನಿಂತಿದ್ದು ಮೇಡಂ ಕಂಪ್ಯೂಟರ್ ಅಲ್ಲ, ತಾವಿಬ್ಬರು.

ಮೂರೂ ಮುಕ್ಕಾಲಿಗೆ ಅವನು ಬಂದ. ಹೆಗಲಿಗೆ ಚೀಲ. ಬಂದದ್ದು ಚಿಕ್ಕಮ್ಮನಿಗೆ ಹೇಳಿಹೋಗಲು. ಚಿಕ್ಕಮ್ಮ ಅವನನ್ನು ನೋಡಿದಳು, ಅವಳನ್ನು ನೋಡಿದಳು. "ಬ್ರಷ್ ತೊಳ್ಕೊಂಡು ಬರ್ತೀನಿ" ಎಂದು ಒಣಗಿದ ಬ್ರಷ್ ಒಂದನ್ನು ಹಿಡಿದು ಹೊರಗೆ ಹೋದಳು.

"ಹೊರಟೆ" ಎಂದ ಅವನು, ಹೊಸಿಲ ಆಚೆಯಿಂದ. "ಗೋಡೆ ಒಣಗಿತಾ?"

"ಇಲ್ಲ. ಇವತ್ತು ನಿಜವಾಗ್ಲೂ ಹಸಿ." ಒಂದು ಬಾಣ ಅಳಿಸಬೇಕು. ಯಾರಾದರೂ ಒಬ್ಬರು. "ಒಳಗೆ ಬನ್ನಿ."

"ಧೂಳು..."

"ಬರ್ಲಿ. ನೀವು ಒಳಗೆ ಬನ್ನಿ."

ಬಂದ. ಮೂರು ತಿಂಗಳಲ್ಲಿ ಮೊದಲ ಸಲ ಇಬ್ಬರೂ ಒಂದೇ ಕೋಣೆಯೊಳಗಿದ್ದರು.

"ಮೂರು ದಿನ ಸುಳ್ಳು ಹೇಳಿದೆ. ಒಣಗಿತ್ತು."

"ಗೊತ್ತು. ಎರಡನೇ ದಿನವೇ ಮುಟ್ಟಿ ನೋಡಿದ್ದೆ."

"ಮತ್ತೆ ಯಾಕೆ ಸುಮ್ನಿದ್ರಿ?"

ಅವನು ಚೀಲದ ಪಟ್ಟಿಯನ್ನು ಹೆಬ್ಬೆರಳಿಗೆ ಸುತ್ತಿದ. "ಚಿಕ್ಕಮ್ಮ ನಿಮಗೆ ಹೇಳಿರ್ತಾರೆ ಅಂದ್ಕೊಂಡೆ. ಕೆಲಸ ಮುಗಿದ್ರೆ ನಾನು ಬಂದು ಕೇಳ್ತೀನಿ, ಮುಖ ಮುರಿದ ಹಾಗೆ ಇಲ್ಲ ಅನ್ನೋಕೆ ನಿಮಗಾಗಲ್ಲ, ಅದಕ್ಕೇ ಮುಗಿಸ್ತಾ ಇಲ್ಲ ಅಂತ. ನಿಮಗೆ ಯಾಕೆ ಹಿಂಸೆ ಅಂತ ನಾನೇ..."

"ನೀವು ಹೋಗ್ಬಾರ್ದು ಅಂತ ರೀ!" ಅವಳ ದನಿ ಖಾಲಿ ಕೋಣೆಯಲ್ಲಿ ಢಣ್ ಎಂದಿತು. ಇಷ್ಟು ಜೋರಾಗಿ ಮಾತಾಡಬಲ್ಲೆನೆಂದು ಅವಳಿಗೇ ಗೊತ್ತಿರಲಿಲ್ಲ. "ನೀವು ಹೋಗ್ಬಾರ್ದು ಅಂತ."

ಅವನ ಮುಖದಲ್ಲಿ ಮೊದಲು ಬೆಳಕು ಬಂತು. ಆಮೇಲೆ ಹೋಯಿತು. ಹೊರಗೆ ವ್ಯಾನಿನ ಹಾರ್ನ್.

"ನಿನ್ನೆ ಹೇಳಿದ್ರೆ ಆಗ್ತಿತ್ತು" ಎಂದ ಮೆಲ್ಲಗೆ. "ಈಗ ಅಲ್ಲಿ ನನ್ನ ಕೈ ಕಾಯ್ಕೊಂಡು ಗಾರೆಯವರು ಕೂತಿದ್ದಾರೆ. ಐದು ತಿಂಗಳು."

"ಗೊತ್ತು. ಹೋಗ್ಬೇಡಿ ಅಂತ ಹೇಳೋ ಹಾಗಿಲ್ಲ." ಅವಳು ಬಣ್ಣದ ಕೈಯಿಂದಲೇ ಕಣ್ಣೊರೆಸಿಕೊಂಡಳು. ಕೆನ್ನೆಯ ಮೇಲೆ ಬಿಳಿ ಗೆರೆ ಎದ್ದಿತು. "ಅಲ್ಲೂ ಗೋಡೆ ಇರುತ್ತಲ್ವಾ? ಬಣ್ಣ ಬೇಕಲ್ವಾ?"

"ಆ ಗುತ್ತಿಗೆ ಯಾರಿಗೆ ಸಿಗುತ್ತೋ."

"ಯಾರಿಗೋ ಸಿಗ್ಲಿ. ನೀವು ಬಿಟ್ಟುಹೋದ ಕೋಣೆಗೆ ತಾನೇ ನಾನು ಯಾವಾಗ್ಲೂ ಬರೋದು? ಈ ಸಲ ನೀವು ಬನ್ನಿ. ಐದು ತಿಂಗಳಾದ ಮೇಲೆ. ನಾನಿರ್ತೀನಿ."

ಅವನು ಏನೋ ಹೇಳಹೋದ. ಹಾರ್ನ್ ಮತ್ತೆ ಕೂಗಿತು. ಅವಳ ಕೆನ್ನೆಯ ಗೆರೆಯನ್ನು ಒರೆಸಲು ಕೈ ಎತ್ತಿದವನು, ಅಷ್ಟಕ್ಕೇ ನಿಂತು ಹೇಳಿದ, "ಬರ್ತೀನಿ. ಮೊದಲು ಚಿಕ್ಕಮ್ಮನ ಹತ್ರ. ಈ ಸಲ ಯಾವ ಕೋಣೆ ಮುಗಿಯೋದನ್ನೂ ಕಾಯಲ್ಲ."

ತಿರುಗುವಾಗ ಚೀಲ ಜಾರಿತು. ಬೀಳದಂತೆ ಅವನು ಗೋಡೆಗೆ ಕೈ ಕೊಟ್ಟ. ಬಾಗಿಲ ಪಕ್ಕದಲ್ಲಿ ಐದು ಬೆರಳು ಅಚ್ಚಾಯಿತು.

"ಅಯ್ಯೋ, ಕೆಡಿಸ್ಬಿಟ್ಟೆ!"

"ಇರ್ಲಿ ಬಿಡಿ. ಹೋಗಿ."

ವ್ಯಾನಿನ ಸದ್ದು ರಸ್ತೆಯ ತಿರುವಿನಲ್ಲಿ ಸಣ್ಣದಾಗಿ ಇಲ್ಲವಾಯಿತು. ಅವಳು ರೋಲರ್ ಎತ್ತಿಕೊಂಡಳು. ಒಂದು ಸಲ ಎಳೆದರೆ ಸಾಕು, ಗುರುತು ಮಾಯ. ಕೈ ಮೇಲೇಳಲಿಲ್ಲ.

ಮಾರನೆಯ ದಿನ ಮೇಡಂ ಪಟ್ಟಿ ಹಿಡಿದು ಕೋಣೆ ನೋಡಲು ಬಂದರು. ಬಾಗಿಲ ಹತ್ತಿರ ನಿಂತರು. "ಗುಬ್ಬಿ, ಏನಿದು ಕೈ ಅಚ್ಚು? ಯಾಕೆ ಸರಿ ಮಾಡಿಲ್ಲ?"

ಅವಳು ಬಂದು ಆ ಬೆರಳುಗಳ ಮೇಲೆ ತನ್ನ ಬೆರಳಿಟ್ಟಳು. ಗೋಡೆ ನಿನ್ನೆ ರಾತ್ರಿಯೇ ಒಣಗಿ ಗಟ್ಟಿಯಾಗಿತ್ತು.

"ಇನ್ನೂ ಹಸಿ ಇದೆ ಮೇಡಂ."

ಮೇಡಂ ಅವಳ ಮುಖ ನೋಡಿದರು. ಗೋಡೆ ಮುಟ್ಟಿ ನೋಡಲಿಲ್ಲ. ಕಿವಿಯ ಹಿಂದಿನಿಂದ ಪೆನ್ಸಿಲ್ ತೆಗೆದು ಪಟ್ಟಿಯಲ್ಲಿ ಏನೋ ಬರೆದುಕೊಂಡರು.

"ಯಂತ್ರ ನಾಳೆ ಬರುತ್ತೆ. ಅಲ್ಲೀವರೆಗೆ ಇರ್ಲಿ" ಎಂದರು. "ಈ ಒಂದು ದಿನ ನನ್ನ ಚಾರ್ಟಿನಲ್ಲಿ ಎಲ್ಲೂ ಇಲ್ಲ ಕಣೇ. ಆದ್ರೂ ತಗೋ."