ಹಸ್ನಾಳ ಇಸಿಜಿ ಕದ್ದವನು

ಓಮ್ನಿ ಹಿಂದಿನಿಂದ ನನ್ನ ಬೈಕಿಗೆ ಗುದ್ದಿತು!

ಪುಂಜಾಲಕಟ್ಟೆಯ ತಿರುವು. ಹಾಡಹಗಲು. ಬೈಕ್ ರಸ್ತೆಯಲ್ಲಿ, ನಾನು ಚರಂಡಿಯಲ್ಲಿ.

ಇಹ್ಸಾನ್ ಇಳಿದ. ಕೈಯಲ್ಲಿ ಕಬ್ಬಿಣದ ರಾಡ್.

“ನವಾಝ್, ಆ ಪ್ರಿಂಟ್ ಕೊಡು!”

“ಯಾವ ಪ್ರಿಂಟ್?”

“ವೇಣೂರಿನ ಕ್ಲಿನಿಕ್ಕಿಂದ ತಂದದ್ದು. ಅಲ್ಲಿ ನನ್ನ ಜನ ಉಂಟು, ಗೊತ್ತಾಯ್ತಾ?”

ಪ್ರಿಂಟ್ ಅಂಗಿಯೊಳಗೇ ಇತ್ತು... ಒಂದು ಹಿಡಿ ಕೆಸರನ್ನು ಅವನ ಕಣ್ಣಿಗೆ ಎಸೆದು ಓಡಿದೆ.

ಬಿ.ಸಿ.ರೋಡಿನ ಬಸ್ಸು ಆಗಷ್ಟೇ ಹೊರಟಿತ್ತು. ಹಿಂಬಾಗಿಲಿಗೆ ಜೋತುಬಿದ್ದೆ.

“ಒಳಗೆ ಬನ್ನಿ ಮಾರಾಯ್ರೆ, ಸಾಯ್ತೀರಿ!” ಎಂದ ಕಂಡಕ್ಟರ್.

“ಸಾಯುವ ಮೊದಲು ಒಂದು ಕೆಲಸ ಉಂಟು.”

ಕೇಳಿ, ಇದು 2007ರ ಮಾತು. ನಾನು ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುವವನು. ಇಹ್ಸಾನ್ ಮಾರುವವನು. ಹಳ್ಳಿಯ ಕ್ಲಿನಿಕ್ಕಿನಲ್ಲಿ ಇಸಿಜಿ ತೆಗೆದರೆ ಅದು ಇಂಟರ್ನೆಟ್‌ನಲ್ಲಿ ಮಂಗಳೂರಿನ ಡಾಕ್ಟರಿಗೆ ಹೋಗುತ್ತಿತ್ತು. ಒಳ್ಳೆಯ ಯಂತ್ರವೇ! ಆದರೆ ಅವನು ಮಾರಿದ ಎಲ್ಲ ಯಂತ್ರಗಳಿಗೂ ಒಂದೇ ಪಾಸ್‌ವರ್ಡ್. ಆಫೀಸಿನಲ್ಲಿ ಕೂತೇ ಅವನು ಯಾರ ಎದೆಬಡಿತವನ್ನಾದರೂ ತೆರೆದು ನೋಡುತ್ತಿದ್ದ.

ನನ್ನ ತಂಗಿ ಹಸ್ನಾಳದ್ದನ್ನೂ ನೋಡಿದ.

ಬಡಿತದಲ್ಲಿ ಸಣ್ಣ ಏರುಪೇರು. ಮಾತ್ರೆ ಸಾಕು ಎಂದಿದ್ದರು ಡಾಕ್ಟರ್. ಇಹ್ಸಾನ್ ಆ ರಿಪೋರ್ಟನ್ನು ಹುಡುಗನ ಮನೆಯವರಿಗೆ ಮಾರಿದ. ನಿಕಾಹ್‌ಗೆ ಎಂಟೇ ದಿನ ಇರುವಾಗ ಸಂಬಂಧ ಮುರಿಯಿತು! ಹಂಚಲು ಉಳಿದಿದ್ದ ಮದುವೆ ಕಾಗದಗಳನ್ನು ಹೆತ್ತ ಉಮ್ಮನೇ ಒಲೆಗೆ ಹಾಕಿದರು. ಹಸ್ನಾ ಅಳಲಿಲ್ಲ.

“ಯಾರು ಅಂತ ಹುಡುಕು” ಎಂದಳು. ಅಷ್ಟೇ.

ಹುಡುಕಿದೆ. ಯಾರ ರಿಪೋರ್ಟನ್ನು ಯಾರು, ಯಾವಾಗ ತೆರೆದರೆಂದು ಯಂತ್ರ ಬರೆದಿಟ್ಟುಕೊಳ್ಳುತ್ತದೆ. ಹಸ್ನಾಳ ಹೆಸರಿನ ಎದುರು ಇಹ್ಸಾನನ ಆಫೀಸಿನ ಕಂಪ್ಯೂಟರಿನ ನಂಬರು... ಮೂರು ಬಾರಿ! ವೇಣೂರಿನ ಕ್ಲಿನಿಕ್ಕಿನಲ್ಲಿ ಅದನ್ನೇ ಪ್ರಿಂಟ್ ತೆಗೆದು ತಂದಿದ್ದೆ.

ಬಸ್ಸಿನಿಂದಲೇ ಅವಳಿಗೆ ಫೋನ್ ಮಾಡಿದೆ.

“ಎಸ್ಸೈಯವರನ್ನು ಕರ್ಕೊಂಡು ಇಹ್ಸಾನನ ಆಫೀಸಿಗೆ ಬಾ. ಅವನು ಎಲ್ಲ ಅಳಿಸುವ ಮೊದಲು!”

ಬಿ.ಸಿ.ರೋಡಿನಲ್ಲಿ ಇಳಿದವನೇ ಮಹಡಿ ಹತ್ತಿ ಬೀಗ ಮುರಿದೆ. ಅವನ ಕಂಪ್ಯೂಟರೂ ಅದೇ ಪಾಸ್‌ವರ್ಡಿಗೆ ತೆರೆಯಿತು, ಕತ್ತೆ! ಒಳಗೆ ನೂರಾರು ಜನರ ರಿಪೋರ್ಟುಗಳು.

ಮೊದಲು ಬಂದವನು ಇಹ್ಸಾನ್. ರಾಡ್ ಎತ್ತಿಕೊಂಡೇ ಬಂದ.

“ಒಂದು ಹುಡುಗಿಯ ಮದುವೆಗೆ ಇಷ್ಟು ಗಲಾಟೆಯಾ? ಹೃದಯ ಸರಿ ಇಲ್ಲದವಳನ್ನು ಯಾರು ಕಟ್ಟಿಕೊಳ್ತಾರೆ?”

“ಸರಿ ಉಂಟಾ ಇಲ್ವಾ, ನನ್ನನ್ನೇ ಕೇಳು!”

ಬಾಗಿಲಲ್ಲಿ ಹಸ್ನಾ!

ಅವನು ತಿರುಗಿದ. ಅವಳು ಒಳಗೆ ನುಗ್ಗಿ ಮೇಜಿನ ಕೀಬೋರ್ಡ್ ಕಿತ್ತು ಅವನ ಮುಖಕ್ಕೆ ಬೀಸಿದಳು. ಗುಂಡಿಗಳು ನೆಲದ ತುಂಬ ಚೆಲ್ಲಿದವು. ರಾಡ್ ಬಿತ್ತು. ಅದರ ಹಿಂದೆಯೇ ಇಹ್ಸಾನ್.

ಏದುಸಿರು ಬಿಡುತ್ತ ಎಸ್ಸೈ ಮೆಟ್ಟಿಲು ಹತ್ತಿ ಬಂದರು. ಕಂಪ್ಯೂಟರ್ ನೋಡಿದರು. ನನ್ನ ಪ್ರಿಂಟ್ ಓದಿದರು. ಇಹ್ಸಾನನ ಕೈಗೆ ಬೇಡಿ ಹಾಕಿದರು. ಆಮೇಲೆ ಅವನ ಮುಖ ಎತ್ತಿ ನೋಡಿ ಕೇಳಿದರು:

“ಇವನ ಮೂಗು ಒಡೆದದ್ದು ಯಾರು?”

ಹಸ್ನಾ ನನ್ನನ್ನು ನೋಡಿದಳು.

“ಕ್ಷಮಿಸಿ ಸಾರ್... ಅದು ಖಾಸಗಿ ವಿಷಯ” ಎಂದೆ.