ದೂರು ತಲುಪಿದ ವಿಳಾಸ

ಏಪ್ರಿಲ್ 21, ಸೋಮವಾರ, ಬೆಳಿಗ್ಗೆ 10.20. ಸೋಂಪುರದ ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಟೈಲರ್ ರೂಪ ಠಾಣೆಗೆ ಬಂದು ಇನ್‌ಸ್ಪೆಕ್ಟರ್ ಶಶಿರೇಖಾ ಎದುರು ಕೂತಳು.

"ಸೂಪರ್‌ವೈಸರ್ ಮಂಜೇಶ್ ಮೈಮುಟ್ಟಿ ಮಾತಾಡ್ತಾನೆ ಮೇಡಂ. ಕಂಪನಿ ವೆಬ್‌ಸೈಟಲ್ಲಿ ಗುಟ್ಟಾಗಿ ದೂರು ಬರೆದೆ. ಮಾರನೇ ದಿನ ಮಿಷನ್ ಹತ್ರ ಬಂದು, ನಾನು ಬರೆದಿದ್ದನ್ನ ಒಂದಕ್ಷರ ಬಿಡದೆ ಹೇಳ್ಬಿಟ್ಟ. ಸಂಜೆಗೆ ಕೆಲ್ಸದಿಂದ ತೆಗೆದ್ರು."

"ದೂರು ನೋಡೋ ಕಮಿಟಿಯವರು ಏನಂತಾರೆ?"

"ಬಂದೇ ಇಲ್ಲ ಅಂತಾರೆ. ಈಗ ನಾನೇ ಸುಳ್ಳುಬುರುಕಿ."

ಎಫ್‌ಐಆರ್ ದಾಖಲಾಯಿತು. ಕಮಿಟಿಯ ಐವರೂ ದೇವರಾಣೆ ತಮಗೇನೂ ಗೊತ್ತಿಲ್ಲ ಎಂದರು. ಕೇಳುವ ಮೊದಲೇ ಆಣೆ ಹಾಕುವವರನ್ನು ಕಂಡರೆ ಶಶಿರೇಖಾಗೆ ಆಗದು. ಐವರನ್ನೂ ಅನುಮಾನದ ಪಟ್ಟಿಗೆ ಸೇರಿಸಿದರು.

ಮರುದಿನ ಪಂಚರ ಸಮಕ್ಷಮ ಸರ್ವರ್ ಕೊಠಡಿಯಲ್ಲಿ ಪಂಚನಾಮೆ. ಸೈಬರ್ ವಿಭಾಗದ ವಸಂತ್ web.xml ಎಂಬ ಕಡತ ತೆರೆದ.

"ಯಾವ ವಿಳಾಸ ಯಾವ ಪ್ರೋಗ್ರಾಂಗೆ ಹೋಗ್ಬೇಕು ಅಂತ ಈ ಜಾವಾ ಸೈಟಿಗೆ ಇಲ್ಲೇ ಬರೆದಿರೋದು ಮೇಡಂ. ಕೊನೇಲಿ ನಕ್ಷತ್ರ ಇರೋ /dooru/* ಅಂದ್ರೆ dooru ಅಡಿ ಬರೋದೆಲ್ಲ ಕಮಿಟಿಗೆ. ಆದ್ರೆ ಕೆಳಗೆ ಯಾರೋ /dooru/hosa ಅಂತ ಪೂರ್ತಿ ವಿಳಾಸ ಸೇರಿಸಿದ್ದಾರೆ. ಪೂರ್ತಿ ಹೊಂದೋದು ಸಿಕ್ರೆ ಸರ್ವರ್ ಆ ನಕ್ಷತ್ರದ ಸಾಲನ್ನ ನೋಡೋದೇ ಇಲ್ಲ. ಹೊಸ ದೂರೆಲ್ಲ ಬೇರೆ ಕಡೆ ಹೋಗಿದೆ."

"ಯಾವತ್ತು ಸೇರ್ಸಿದ್ದು?"

"ತಾರೀಖು ತಿದ್ದಿದ್ದಾರೆ. ಆದ್ರೆ ಇದಾದ್ಮೇಲೆ ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಿರ್ಬೇಕು. ಹಾಜರಿ ಯಂತ್ರಾನೂ ಇದೇ ಸರ್ವರ್‌ದು."

ಹಾಜರಿ ಯಂತ್ರ ನಿಂತರೆ ಗೇಟಿನವರು ಕೈಯಲ್ಲಿ ಹೆಸರು ಬರೆದುಕೊಳ್ಳುತ್ತಾರೆ. ಹೆಡ್ ಕಾನ್ಸ್‌ಟೆಬಲ್ ಜಯಕುಮಾರ್ ಆ ಪುಸ್ತಕ ತಿರುವಿದರು. ಫೆಬ್ರವರಿ 27, ಮಧ್ಯಾಹ್ನ 1.05, ನಲವತ್ತೊಂದು ಹೆಸರು. ಎರಡನೇ ಪಾಳಿ ಇರುವುದು ಎರಡು ಗಂಟೆಗೆ. ಆದರೆ ಅವತ್ತು ಅಮಾವಾಸ್ಯೆ. ಮಿಷನ್ ಪೂಜೆಗೆಂದು ಟೈಲರ್‌ಗಳನ್ನೆಲ್ಲ ಒಂದು ಗಂಟೆ ಮೊದಲೇ ಕರೆಸುತ್ತಾರೆ. ಗೇಟಲ್ಲಿ ಯಾರೂ ಇರದ ಹೊತ್ತೆಂದು ಸರ್ವರ್ ನಿಲ್ಲಿಸಿದ ಎಸಿ ಕೋಣೆಯವರಿಗೆ ಇದೆಲ್ಲ ಎಲ್ಲಿ ನೆನಪಿರುತ್ತದೆ! ಆ ಹೊತ್ತಿಗೆ ಸರ್ವರ್ ಕೊಠಡಿಯ ಕೀ ಪಡೆದ ಸಹಿ ಒಂದೇ ಇತ್ತು: ಹರ್ಷಿತ, ಪ್ರೋಗ್ರಾಮರ್.

ಸಂಜೆ 4.15ಕ್ಕೆ ವಿಚಾರಣೆ.

"ದೂರು ಎಲ್ಲಿಗೆ ಹೋಗ್ತಿತ್ತಮ್ಮಾ?"

"ನನ್ನ ಮೇಲ್‌ಗೆ."

"ಮಂಜೇಶ್ ಹೇಳಿ ಮಾಡಿಸಿದ್ನಾ?"

"ಇಲ್ಲ, ಅವ್ರಿಗೆ ಗೊತ್ತಿರ್ಲಿಲ್ಲ. ಮೇ ಎಂಟಕ್ಕೆ ನಮ್ಮಿಬ್ರ ಮದುವೆ ಮೇಡಂ. ನಿಶ್ಚಿತಾರ್ಥ ಆದ್ಮೇಲೆ ಯಾರೋ ಹುಡುಗಿ ಫೋನ್ ಮಾಡಿ, ಹುಷಾರಾಗಿರಿ ಅಂದ್ಲು. ತಾಳಿ ಕಟ್ಟಿಸ್ಕೊಳ್ಳೋ ಮುಂಚೆ ನಿಜ ತಿಳ್ಕೋಬೇಕಿತ್ತು."

"ರೂಪ ಬರೆದಿದ್ದನ್ನ ಅವನಿಗ್ಯಾಕೆ ತೋರಿಸ್ದೆ?"

"ಸುಳ್ಳು ಅಂತ ಅವ್ರ ಬಾಯಲ್ಲೇ ಕೇಳ್ಬೇಕಿತ್ತು. ಹಾಗೇ ಅಂದ್ರು."

ಶಶಿರೇಖಾಗೆ ಸಿಟ್ಟು ನೆತ್ತಿಗೇರಿತು. "ನಿನ್ನ ಅನುಮಾನಕ್ಕೆ ಅವಳ ಅನ್ನ ಹೋಯ್ತಲ್ಲೇ!"

ಸಂಜೆ 6.10ಕ್ಕೆ ಮಂಜೇಶ್‌ನನ್ನೂ ಹರ್ಷಿತಳನ್ನೂ ಬಂಧಿಸಲಾಯಿತು. ಅವಳ ಮೇಲ್‌ನಲ್ಲಿದ್ದ ರೂಪಳ ದೂರೇ ಮುಖ್ಯ ಸಾಕ್ಷ್ಯವಾಯಿತು.

ಹೇಳಿಕೆ ಬರೆದುಕೊಳ್ಳುತ್ತಿದ್ದ ಜಯಕುಮಾರ್ ಪೆನ್ನು ನಿಲ್ಲಿಸಿ ಕೇಳಿದರು: "ಒಟ್ಟು ಎಷ್ಟು ದೂರು ಬಂದಿತ್ತಮ್ಮಾ?"

"ಮೂರು ಸಾರ್. ಮೂರೂ ಅವ್ರ ಮೇಲೇ."

"ಮೊದಲ್ನೇದಕ್ಕೇ ಮದುವೆ ಬೇಡ ಅನ್ಬೋದಿತ್ತಲ್ಲ?"

"ಮೊದಲ್ನೇದು ಸುಳ್ಳಿರ್ಬೋದು ಅಂದ್ಕೊಂಡೆ. ಎರಡನೇದು ಓದಿ ತುಂಬಾ ಅತ್ತೆ," ಎಂದಳು ಹರ್ಷಿತ. "ರೂಪಂದು ಬರೋಷ್ಟ್ರಲ್ಲಿ ಲಗ್ನಪತ್ರಿಕೆ ಹಂಚಾಗಿತ್ತು."